ತುಘಲಕ್ ದರ್ಬಾರು ಮತ್ತು ಕಂಪ್ಲಿಯ ಬೆಂಕಿ

ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಿ, ಹರಿಹರದ ಬಸ್ಸಿನಲ್ಲಿ ನಾವು ಆಗಾಗ ಕೇಳುವ ಮಾತೊಂದಿದೆ. ಹೊಸದಾಗಿ ಹಾಕಿದ ರಸ್ತೆಯನ್ನು ಮರುವಾರವೇ ಅಗೆಯತೊಡಗಿದರೆ "ಇದೊಳ್ಳೆ ತುಘಲಕ್ ದರ್ಬಾರ್ ಆಯ್ತಲ್ಲಪ್ಪ" ಎಂದು ನಕ್ಕು ಸುಮ್ಮನಾಗುತ್ತೇವೆ. 1325ರಿಂದ 1351ರ ವರೆಗೆ ದಿಲ್ಲಿಯನ್ನಾಳಿದ ಮುಹಮ್ಮದ್ ಬಿನ್ ತುಘಲಕ್ ನಮ್ಮ ಪಾಲಿಗೆ ಬರೀ ಹುಚ್ಚು ದೊರೆ. ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದ, ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ, ಜನ ಖೋಟಾ ನಾಣ್ಯ ಟಂಕಿಸತೊಡಗಿದಾಗ ಖಜಾನೆಯನ್ನೇ ಬರಿದು ಮಾಡಿ ವಾಪಸು ಪಡೆದ. ನಗಲು ಇಷ್ಟು ಸಾಕು!

ಗಿರೀಶ್ ಕಾರ್ನಾಡರ 'ತುಘಲಕ್' (1964) ನಾಟಕ ಸುಲ್ತಾನನನ್ನು ಈ ನಗುವಿನಿಂದ ಬಿಡಿಸಿತು. ಅಲ್ಲಿನ ಸುಲ್ತಾನ ಚದುರಂಗದ ಮೇಧಾವಿ, ಮಾತಿನ ಮಲ್ಲ. ಅಗಸ ಅಝೀಝ್ ಬ್ರಾಹ್ಮಣ ವೇಷ ಹಾಕಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಇದು ಪೂರ್ತಿ ಕಲ್ಪನೆಯೇ? ಆ ಕಾಲದಲ್ಲಿ ದಿಲ್ಲಿಯಲ್ಲಿ ಖಾಝಿಯಾಗಿದ್ದ ಪ್ರವಾಸಿ ಇಬ್ನ್ ಬತೂತ ಇಂಥದ್ದನ್ನೇ ಬರೆದಿದ್ದಾನೆ. ತನ್ನ ಸಹೋದರನನ್ನು ಅನ್ಯಾಯವಾಗಿ ಕೊಲ್ಲಿಸಿದನೆಂದು ಹಿಂದೂ ಸರದಾರನೊಬ್ಬ ದೂರಿದಾಗ ಸುಲ್ತಾನ ನಿರಾಯುಧನಾಗಿ, ಕಾಲ್ನಡಿಗೆಯಲ್ಲಿ ಖಾಝಿಯ ಮುಂದೆ ಹೋಗಿ ನಿಂತನಂತೆ. ಇನ್ನೊಮ್ಮೆ ಒಬ್ಬ ಹುಡುಗನ ಕೈಗೆ ಕೋಲು ಕೊಟ್ಟು ಇಪ್ಪತ್ತೊಂದು ಏಟು ಹೊಡೆಸಿಕೊಂಡನಂತೆ.

ನಾಟಕದ ಬಗ್ಗೆ ನಮ್ಮ ತಕರಾರು ಇರುವುದು ಇಲ್ಲಿಯೇ. ಸುಲ್ತಾನನ ಒಂಟಿತನ ಎಷ್ಟು ಚೆನ್ನಾಗಿ ಮಾತಾಡುತ್ತದೆಂದರೆ, ಅವನ ಕೈಯಲ್ಲಿ ನಲುಗಿದವರ ದನಿ ಅಡಗಿಹೋಗುತ್ತದೆ. ದೌಲತಾಬಾದಿನ ದಾರಿಯಲ್ಲಿ ಕಾಯಿಲೆಯ ಮಗುವನ್ನೆತ್ತಿಕೊಂಡು ವೈದ್ಯನ ಬಳಿ ಹೋಗಲು ಬೇಡುವ ತಾಯಿಯ ದೃಶ್ಯವೊಂದು ನಾಟಕದಲ್ಲಿದೆ. ನಮ್ಮ ಮಟ್ಟಿಗೆ ಇಡೀ ಕೃತಿಯ ಅತ್ಯಂತ ಗಟ್ಟಿ ಭಾಗ ಅದು. ಆದರೆ ಎಷ್ಟು ಬೇಗ ಮುಗಿದುಹೋಗುತ್ತದೆ!

ರಂಗದ ಮೇಲೆ ಬಾರದ ಇನ್ನೊಂದು ಕಥೆ ನಮ್ಮ ನೆರೆಯದೇ. ಹರಿಹರದ ಸೇತುವೆಯ ಕೆಳಗೆ ಹರಿಯುವ ತುಂಗಭದ್ರೆ ಮುಂದೆ ಕಂಪ್ಲಿಯನ್ನು ಮುಟ್ಟುತ್ತದೆ. ಸುಲ್ತಾನನ ವಿರುದ್ಧ ದಂಗೆಯೆದ್ದ ಅವನದೇ ಸಂಬಂಧಿ ಬಹಾಉದ್ದೀನ್ ಗುರ್ಶಾಸ್ಪ್ 1327ರ ಹೊತ್ತಿಗೆ ಕಂಪಿಲರಾಯನ ಮೊರೆಹೊಕ್ಕ. ದಿಲ್ಲಿಯ ಸೈನ್ಯ ಮುತ್ತಿದಾಗಲೂ ರಾಯ ಶರಣು ಬಂದವನನ್ನು ಒಪ್ಪಿಸಲಿಲ್ಲ. ಅವನನ್ನು ದ್ವಾರಸಮುದ್ರಕ್ಕೆ ಸಾಗಹಾಕಿ, ಅಂತಃಪುರದ ಹೆಂಗಸರು ಬೆಂಕಿಗೆ ಬಿದ್ದ ಮೇಲೆ ತಾನು ಹೋರಾಡಿ ಸತ್ತ. ದ್ವಾರಸಮುದ್ರದ ಮೂರನೇ ಬಲ್ಲಾಳ ಮಾತ್ರ ಗುರ್ಶಾಸ್ಪನನ್ನು ಹಿಡಿದು ಕೊಟ್ಟುಬಿಟ್ಟ. (1224ರಲ್ಲಿ ಹರಿಹರೇಶ್ವರ ದೇವಾಲಯ ಎದ್ದದ್ದು ಈ ಹೊಯ್ಸಳರ ಆಳ್ವಿಕೆಯಲ್ಲೇ.) ಸುಲ್ತಾನ ಅವನ ಚರ್ಮ ಸುಲಿಸಿ, ಮಾಂಸವನ್ನು ಅನ್ನದೊಡನೆ ಬೇಯಿಸಿ ಹೆಂಡತಿ ಮಕ್ಕಳಿಗೆ ಕಳಿಸಿದನೆಂದು ಇಬ್ನ್ ಬತೂತ ಬರೆಯುತ್ತಾನೆ. ಆತ ಭಾರತಕ್ಕೆ ಬಂದದ್ದು ಕೆಲವು ವರ್ಷಗಳ ನಂತರ. ಹಾಗಾಗಿ ಇದು ಕೇಳಿ ಬರೆದದ್ದೆಂಬುದನ್ನು ಮರೆಯಬಾರದು. ಆದರೂ ಈ ಕಥೆಯಲ್ಲಿ ಹಿಂದೂ ಯಾರ ಪಕ್ಷ, ಮುಸಲ್ಮಾನ ಯಾರ ಪಕ್ಷ? ಚರಿತ್ರೆಯನ್ನು ಎರಡು ಬಣ್ಣದಲ್ಲಿ ಬಳಿಯುವವರು ಉತ್ತರಿಸಲಿ.

ಕಂಪಿಲರಾಯನ ಮಕ್ಕಳನ್ನು ದಿಲ್ಲಿಗೆ ಒಯ್ದರು. ಅವರು ಮುಸಲ್ಮಾನರಾದರು, ಅಮೀರರಾದರು. ಅವರಲ್ಲಿ ಅಬೂ ಮುಸ್ಲಿಂ ಎಂಬವನು ತನ್ನ ಗೆಳೆಯನೆಂದೇ ಇಬ್ನ್ ಬತೂತ ಹೇಳುತ್ತಾನೆ. ಅವನಿಗೆ ಅರಮನೆಯಲ್ಲಿ ಸಿಕ್ಕ ಕೆಲಸ, ಸುಲ್ತಾನ ಕುಡಿಯುವ ನೀರಿಗೆ ಮೊಹರು ಹಾಕುವುದು.