ಎತ್ತಿನ ಹೆಗಲು ಮತ್ತು ಕಾನೂನಿನ ಕರುಣೆ

ಮಣ್ಣೆತ್ತಿನ ಅಮಾವಾಸ್ಯೆಯಂದು ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಮನೆಮನೆಗಳಲ್ಲಿ ಮಣ್ಣಿನ ಎತ್ತುಗಳಿಗೆ ಪೂಜೆ ಸಲ್ಲುತ್ತದೆ. ಎತ್ತನ್ನು ಬಸವಣ್ಣನೆಂದು ಕರೆದು ಕೈಮುಗಿಯುವ ನಾಡು ನಮ್ಮದು. ಇದೇ ಜಿಲ್ಲೆಯ ನೀರಾವರಿ ಭಾಗದಲ್ಲಿ ಕಬ್ಬು ಸಾಗಿಸುವ ಹಂಗಾಮು ಬಂತೆಂದರೆ, ಏರುದಾರಿಯಲ್ಲಿ ಮೊಣಕಾಲೂರಿದ ಎತ್ತಿನ ಬೆನ್ನ ಮೇಲೆ ಬಾರುಕೋಲು ಬೀಳುವುದನ್ನೂ ಕಾಣುತ್ತೇವೆ. ಈ ಪೂಜೆಗೂ ಈ ಪೆಟ್ಟಿಗೂ ನಡುವಿನ ಅಂತರವನ್ನು ಕಾನೂನು ತುಂಬಬಲ್ಲುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1960ರ ಪ್ರಾಣಿಹಿಂಸಾ ನಿವಾರಣಾ ಕಾಯದೆಯು ಹೊಡೆತ, ಅತಿಭಾರ, ಅತಿದುಡಿಮೆಗಳನ್ನು ಅಪರಾಧವೆಂದು ಸಾರಿತು. 1965ರ ನಿಯಮಗಳು ಇನ್ನೂ ಸೂಕ್ಷ್ಮವಾಗಿವೆ. ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 5 ಗಂಟೆಗಿಂತ ಹೆಚ್ಚು ಎತ್ತನ್ನು ಬಂಡಿಗೆ ಹೂಡಬಾರದು. ಉಷ್ಣತೆ 37 ಡಿಗ್ರಿ ಮೀರಿದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಬಾಗಲಕೋಟೆಯ ಬೇಸಿಗೆಯನ್ನು ಕಂಡವರೇ ಬರೆದಂತಿದೆ ಈ ನಿಯಮ. ಆದರೆ ಮೊದಲ ಅಪರಾಧಕ್ಕೆ ಕಾಯದೆಯು ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ! ಅಂದು ಅದು ಭಾರವೆನಿಸಿದ್ದೀತು. ಇಂದಿನ ಕಾಲಕ್ಕೆ ಅದು ಹಿಂಸೆಗೆ ತೆತ್ತ ಸುಂಕದಷ್ಟೇ ಸರಿ.

ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಎತ್ತಿನ ಬಂಡಿ ಓಟವನ್ನು ನಿಷೇಧಿಸಿತು. ನಮ್ಮ ರಾಜ್ಯವು 2017ರಲ್ಲಿ ಕಾಯದೆಗೆ ತಿದ್ದುಪಡಿ ತಂದು, ಅನವಶ್ಯಕ ನೋವಾಗಬಾರದೆಂಬ ಷರತ್ತಿನೊಡನೆ, ಕಂಬಳಕ್ಕೂ ಬಂಡಿ ಓಟಕ್ಕೂ ಅವಕಾಶವಿತ್ತಿತು. 2023ರ ಮೇ 18ರಂದು ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ತೀರ್ಪಿಗೆ ತಲೆಬಾಗೋಣ, ಆದರೆ ಅವಶ್ಯಕವಾದ ನೋವು ಯಾವುದೆಂಬ ಪ್ರಶ್ನೆ ಧರ್ಮದ ಮುಂದೆ ಹಾಗೆಯೇ ಉಳಿದಿದೆ. ಹೊಲದಲ್ಲಿ ಎತ್ತು ದಣಿದರೆ ಒಂದು ಕುಟುಂಬ ಉಣ್ಣುತ್ತದೆ, ಎತ್ತೂ ಮೇಯುತ್ತದೆ, ಅದು ಕಾಯಕ. ಪಂತಕ್ಕಾಗಿ ದಣಿದರೆ ಉಣ್ಣುವವರು ಯಾರು? ಸಂಪ್ರದಾಯ ಹಳೆಯದೆಂಬುದು ಇದಕ್ಕೆ ಸಮಾಧಾನವಾಗದು. ಹಳೆಯದೆಲ್ಲವೂ ಮಾನ್ಯವಾಗಿದ್ದರೆ, ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ಹರಕೆಯ ಕುರಿಗಾಗಿ ಮರುಗಿ ವಚನ ನುಡಿಯಬೇಕಾಗಿರಲಿಲ್ಲ.

ಹಾಗೆಂದು ಬಂಡಿ ಹೊಡೆಯುವವನೊಬ್ಬನನ್ನೇ ದೂರುವುದು ಅನ್ಯಾಯ. ಟನ್ನಿನ ಲೆಕ್ಕದ ಬಾಡಿಗೆ, ಮುಂಗಡದ ಸಾಲ ಇವೆರಡೂ ಅವನ ಹೆಗಲ ಮೇಲಿನ ನೊಗ. ದಂಡ ತೆರುವವನು ಅವನು. ಭಾರ ಹೇರಿಸಿದವರು ನೆರಳಿನಲ್ಲಿಯೇ ಉಳಿಯುತ್ತಾರೆ. ಕಾನೂನಿನ ಕಣ್ಣು ಅತ್ತ ಹೊರಳದಿರುವುದು ಅದರ ದೊಡ್ಡ ಕೊರತೆ.

ಮಠಗಳೂ ನಿರ್ದೋಷಿಗಳಲ್ಲ. ಜಾತ್ರೆಯ ಸ್ಪರ್ಧೆಗಳಲ್ಲಿ ಬಹುಮಾನ ಹಂಚಿದ ಕೈಗಳಲ್ಲಿ ನಮ್ಮದೂ ಒಂದು. ಗೆದ್ದ ಎತ್ತಿನ ಬಾಯ ನೊರೆಯನ್ನು ಕಂಡೂ ಆಶೀರ್ವದಿಸಿ ಬಂದೆವು. ಆದುದರಿಂದ ಈ ಮಾತು ಮೊದಲು ನಮಗೇ ಸಲ್ಲತಕ್ಕದ್ದು. ಇನ್ನು ಮುಂದೆ ಅಂಥ ವೇದಿಕೆಯನ್ನು ನಾವು ಏರುವುದಿಲ್ಲ.

ಜೀವಿಗಳಲ್ಲಿ ದಯೆ ತೋರುವುದೂ ಅರಣ್ಯ, ಕೆರೆ, ನದಿಗಳನ್ನು ಕಾಯುವುದೂ ಪ್ರಜೆಯ ಕರ್ತವ್ಯವೆಂದು ಸಂವಿಧಾನವು 1976ರ ತಿದ್ದುಪಡಿಯಿಂದ ಹೇಳುತ್ತಿದೆ. ಮಠದಲ್ಲಿ ಓದಿ ವಕೀಲರೂ ಪಶುವೈದ್ಯರೂ ಆದವರು ಅನೇಕರಿದ್ದೀರಿ. ಜಾತ್ರೆಗೆ, ದನದ ಸಂತೆಗೆ ಬಂದಾಗ ಎತ್ತಿನ ಹೆಗಲನ್ನೊಮ್ಮೆ ಮುಟ್ಟಿ ನೋಡಿರಿ. ಅಲ್ಲಿ ಗಾಯವಿದ್ದರೆ ಅದರ ಒಡೆಯನಿಗೆ ನಿಯಮವನ್ನು ತಿಳಿಯಹೇಳಿ, ಮದ್ದನ್ನೂ ಕೊಟ್ಟು ಕಳುಹಿರಿ. ಮಠಕ್ಕೆ ನೀವು ಸಲ್ಲಿಸುವ ದಾಸೋಹದಲ್ಲಿ ಇದೂ ಒಂದೆಂದು ನಾವು ಎಣಿಸುತ್ತೇವೆ.