ಐದು ನ್ಯಾಂಡುಗಳೂ ಒಂದು ಗಡಿಗೆಯೂ

ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿಯ ಗರಿಷ್ಠ ಮಟ್ಟವನ್ನು ಮುಟ್ಟಿತೆಂಬ ಸುದ್ದಿ ಮೊಬೈಲಿನಲ್ಲಿ ಮೂಡಿದೊಡನೆ ಪಾಂಡವಪುರದ ನಾಲಾಬಯಲಿನ ರೈತನು ಒಟ್ಲು ಬಿಡುವ ಯೋಚನೆಗೆ ತೊಡಗುತ್ತಾನೆ. ಹೊಣಕೆರೆಯಲ್ಲಿ ಕುಳಿತ ನನಗಾದರೋ ಅದೇ ಅಂಕಿ ಬೇರೊಂದು ಜಿಜ್ಞಾಸೆಯನ್ನು ಹುಟ್ಟಿಸಿತು. ದಶಾಂಶದ ಚುಕ್ಕೆಯನ್ನು ತೆಗೆದು ಎರಡೇ ಅಂಕಗಳ ಲಿಪಿಯಲ್ಲಿ ಬರೆದರೆ ಅದು 0011000011000000 ಎಂದಾಗುತ್ತದೆ. ಇದರಲ್ಲಿ ನೀರೆಲ್ಲಿದೆ?

ಯಾವ ವಸ್ತುವನ್ನೇ ಆಗಲಿ ಅದರ ಬಿಡಿಭಾಗಗಳಿಗೆ ಇಳಿಸಿದರೆ ತಿಳಿಯತಕ್ಕದ್ದೆಲ್ಲ ತಿಳಿದಂತಾಯಿತೆಂಬ ಮತವನ್ನು ರಿಡಕ್ಷನಿಸಂ ಎನ್ನುತ್ತಾರೆ. ಅದನ್ನು ಜೀವಿಯ ಮೇಲೋ ಮನಸ್ಸಿನ ಮೇಲೋ ಪರೀಕ್ಷಿಸಹೊರಟವರು ಮೆಟ್ಟಿಲುಗಳೇ ಕಾಣದೆ ನಡುದಾರಿಯಲ್ಲಿ ನಿಲ್ಲುತ್ತಾರೆ; ಮನುಷ್ಯನೇ ಕಟ್ಟಿದ ಕಂಪ್ಯೂಟರಿನಲ್ಲಿ ಅವು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ನೋಮ್ ನಿಸಾನ್ ಮತ್ತು ಶಿಮೋನ್ ಶೋಕೆನ್ ಎಂಬಿಬ್ಬರು 2005ರಲ್ಲಿ ಪ್ರಕಟಿಸಿದ ‘ದಿ ಎಲಿಮೆಂಟ್ಸ್ ಆಫ್ ಕಂಪ್ಯೂಟಿಂಗ್ ಸಿಸ್ಟಮ್ಸ್’ ಎಂಬ ಗ್ರಂಥದ ಹಿರಿಮೆ ಇರುವುದು ಇಲ್ಲಿಯೇ. ನ್ಯಾಂಡ್ ಎಂಬ ಒಂದು ಕ್ಷುದ್ರ ದ್ವಾರದಿಂದ ಹೊರಟು, ಹ್ಯಾಕ್ ಎಂಬ ಹದಿನಾರು ಬಿಟ್ಟುಗಳ ಯಂತ್ರವನ್ನೂ ಅದರ ಮೇಲೆ ಜ್ಯಾಕ್ ಎಂಬ ಭಾಷೆಯನ್ನೂ ಓದುಗನ ಕೈಯಿಂದಲೇ ಕಟ್ಟಿಸಿ, ಕಡೆಗೆ ಆಟವೊಂದನ್ನು ಆಡಿಸುವವರೆಗೂ ಅದು ಬಿಡುವುದಿಲ್ಲ.

ನ್ಯಾಂಡಿಗೆ ಬರುವ ಎರಡು ತಂತಿಗಳಲ್ಲಿಯೂ ಒಂದು ಇದ್ದರೆ ಹೊರಡುವುದು ಸೊನ್ನೆ, ಮಿಕ್ಕೆಲ್ಲ ಪ್ರಸಂಗಗಳಲ್ಲಿಯೂ ಒಂದು. ಅದರ ವಿದ್ಯೆ ಇಷ್ಟೇ. ಇಂಥ ನಾಲ್ಕನ್ನು ತಕ್ಕಂತೆ ಹೆಣೆದರೆ ಎರಡು ಅಂಕಗಳ ಮೊತ್ತದ ಬಿಡಿ ದೊರೆಯುತ್ತದೆ. ಮೊದಲನೆಯದರ ಬೆನ್ನಿಗೆ ಐದನೆಯದನ್ನು ಕಟ್ಟಿದರೆ ದಶಕ ದೊರೆಯುತ್ತದೆ. (ಎರಡರ ಲೆಕ್ಕದಲ್ಲಿ ದಶಕವೆನ್ನುವುದು ಅಸಂಬದ್ಧವೇ, ಶಾಲೆಯ ಮಾತು ಬಾಯಿಂದ ಹೋಗುವುದಿಲ್ಲ.) ಒಂದಕ್ಕೆ ಒಂದು ಕೂಡಿದಾಗ ಬಿಡಿಯಲ್ಲಿ ಸೊನ್ನೆ ಉಳಿದು ದಶಕವೊಂದು ಮೇಲೇರುವುದನ್ನು ಕಾಗದದ ಮೇಲೆ ಗೆರೆಯೆಳೆದು ನಾನೇ ಕಂಡ ದಿನ, ಐದರಲ್ಲಿ ಒಂದಕ್ಕೂ ಕೂಡುವುದೆಂದರೇನೆಂದು ತಿಳಿಯದೆಂಬುದೂ, ಐದರ ಹೊರಗೆ ಕೂಡುವ ಇನ್ನೊಂದು ವಸ್ತು ಇಲ್ಲವೆಂಬುದೂ ಒಟ್ಟಿಗೇ ಹೊಳೆದವು.

ಈ ಇಕ್ಕಟ್ಟು ಹಳೆಯದು. ಬಿಡಿಭಾಗಗಳನ್ನು ಬಿಟ್ಟರೆ ರಥವೆಂಬುದು ಬರಿಯ ಹೆಸರೆಂದು ಬೌದ್ಧ ಭಿಕ್ಷು ನಾಗಸೇನನು ಮಿಲಿಂದರಾಜನಿಗೆ ಹೇಳಿದನು. ಅವಯವಗಳಿಗಿಂತ ಬೇರೆಯಾದ ಅವಯವಿಯೆಂಬ ದ್ರವ್ಯವೇ ಉಂಟೆಂದು ನೈಯಾಯಿಕರು ಸಾಧಿಸಿದರು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನೆರೆಯ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ತಮ್ಮ ಶ್ರೀಭಾಷ್ಯದಲ್ಲಿ ಹಿಡಿದ ದಾರಿ ಬೇರೆ: ಮಣ್ಣಿಗೆ ಹೊರತಾಗಿ ಗಡಿಗೆಯೆಂಬ ಹೊಸ ದ್ರವ್ಯವಿಲ್ಲ, ಆದರೆ ನೀರು ತರುವ ವ್ಯವಹಾರಕ್ಕಾಗಿ ಆ ಮಣ್ಣೇ ಒಂದು ಸಂಸ್ಥಾನವನ್ನೂ ಒಂದು ನಾಮಧೇಯವನ್ನೂ ಪಡೆಯುತ್ತದೆ, ಆ ಅವಸ್ಥೆ ಮಿಥ್ಯೆಯಲ್ಲ. ನನ್ನ ಐದು ನ್ಯಾಂಡುಗಳಿಗೆ ಇದಕ್ಕಿಂತ ಒಪ್ಪುವ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಮೇಲೆ ಬರೆದ ಹದಿನಾರು ಅಂಕಗಳನ್ನೇ ಹ್ಯಾಕ್ ಯಂತ್ರಕ್ಕೆ ಆಜ್ಞೆಯಾಗಿ ಉಣಿಸಿದರೆ ಅದು 12480ನೆಯ ಮನೆಯನ್ನು ಗುರುತಿಸಿಕೊಳ್ಳುತ್ತದೆ. ಅದೇ ಮಣ್ಣು, ಬೇರೆ ಗಡಿಗೆ.

ಗ್ರಂಥವು ನಿರ್ದುಷ್ಟವೆಂದಲ್ಲ. ನ್ಯಾಂಡಿನ ಕೆಳಗಿನ ಸಿಲಿಕಾನನ್ನು ಅದು ಮುಟ್ಟುವುದಿಲ್ಲ, ಅದನ್ನು ಕ್ಷಮಿಸಬಹುದು. ಆದರೆ ಎಲ್ಲವೂ ನ್ಯಾಂಡಿನಿಂದಲೇ ಎಂದು ಹೊರಟ ಕರ್ತೃಗಳು ಸ್ಮೃತಿಯ ಅಧ್ಯಾಯಕ್ಕೆ ಬಂದೊಡನೆ ಫ್ಲಿಪ್‌ಫ್ಲಾಪ್ ಎಂಬುದನ್ನು ಸಿದ್ಧವಸ್ತುವಾಗಿ ಕೈಗಿಟ್ಟು, ನ್ಯಾಂಡಿನ ಹೊರತಂತಿಯನ್ನು ಮತ್ತೆ ಒಳಕ್ಕೇ ಸುತ್ತಿ ಕಟ್ಟಿಸುವ ಶ್ರಮವನ್ನು ಓದುಗನಿಗೆ ಉಳಿಸಿಬಿಡುತ್ತಾರೆ. ಹಿಂದಿನ ಗಳಿಗೆಯು ಈ ಗಳಿಗೆಗೆ ದಾಟುವ, ಎಂದರೆ ಕಾಲವು ಯಂತ್ರದೊಳಕ್ಕೆ ಪ್ರವೇಶಿಸುವ ಬಾಗಿಲೇ ಹೀಗೆ ಮುಚ್ಚಿಹೋದುದು ಸಣ್ಣ ಲೋಪವೆಂದು ನನಗೆ ತೋರದು.

ಕಡೆಗೊಮ್ಮೆ ಕಟ್ಟೆಯ ಮಟ್ಟವನ್ನು ತೆರೆಯ ಮೇಲೆ ತೋರಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಜ್ಯಾಕ್ ಭಾಷೆಯಲ್ಲಿ ಬರೆದೆ. ಪೂರ್ಣಾಂಕಗಳನ್ನಲ್ಲದೆ ಬೇರೆ ಸಂಖ್ಯೆಗಳನ್ನರಿಯದ ಆ ಭಾಷೆಗೆ 12480 ಎಂದೇ ಕೊಟ್ಟು, ತೋರಿಸುವಾಗ ನೂರರಿಂದ ಭಾಗಿಸಬೇಕಾದಲ್ಲಿ ಹತ್ತರಿಂದ ಭಾಗಿಸಿದ್ದೆ. ತೆರೆಯ ಮೇಲೆ 1248 ಅಡಿ ನೀರು ನಿಂತಿತು. ಮಂಡ್ಯ ಸೀಮೆಯೆಲ್ಲ ಮುಳುಗಬೇಕಾದ ನೀರು! ತಪ್ಪೆಲ್ಲಿಯದೆಂದು ಒಂದು ಸಂಜೆಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತ ಹೋದೆ. ಭಾಷಾಂತರ ಸರಿಯಾಗಿತ್ತು, ಆಜ್ಞೆಗಳು ಸರಿಯಾಗಿದ್ದವು, ನ್ಯಾಂಡುಗಳಲ್ಲಿ ಒಂದೂ ತಪ್ಪಿರಲಿಲ್ಲ.