ಮೆಕೆಂಜಿಯ ಭಾರತಯಾನ ಮತ್ತು ನೇಪಿಯರ್ ವಂಶಕಥೆ: ಒಂದು ವಿಮರ್ಶೆ

ಬಳ್ಳಾರಿ ಸೀಮೆಯ ಚರಿತ್ರೆಯನ್ನು ವ್ಯಾಸಂಗಮಾಡುವವರಿಗೆ ಕರ್ನಲ್ ಕಾಲಿನ್ ಮೆಕೆಂಜಿಯು ಸಂಗ್ರಹಿಸಿದ ಕೈಫಿಯತ್ತುಗಳು ಸುಪರಿಚಿತವಾದವು. ಅವುಗಳಲ್ಲಿನ ವಂಶಾವಳಿಗಳನ್ನು ನಾವು ಸಂಶಯದಿಂದಲೇ ಓದುತ್ತೇವೆ. ಕುರುಗೋಡಿನ ಸಿಂದರು ತಾವು ನಾಗವಂಶದವರೆಂದರೆ ಅದನ್ನು ಕುಲಾಭಿಮಾನದ ಮಾತೆಂದು ಬದಿಗಿರಿಸುತ್ತೇವೆ. ಸಿರುಗುಪ್ಪದ ಶ್ಯಾನುಭೋಗರ ಮನೆಯ ಕಡತವೊಂದು ದೊರೆತರೆ, ಬರೆಸಿದವರಾರು, ಅದರಿಂದ ಯಾವ ಇನಾಮು ಉಳಿಯಿತು ಎಂದು ಮೊದಲು ಕೇಳುತ್ತೇವೆ. ಇದು ಯುಕ್ತವೇ. ಆದರೆ ಮೆಕೆಂಜಿಯನ್ನೇ ಕುರಿತ ಒಂದು ವಂಶಕಥೆಗೆ ಈ ಪರೀಕ್ಷೆಯನ್ನು ನಾವು ಅನ್ವಯಿಸಿದ್ದು ಕಡಿಮೆ.

ಕಥೆ ಹೀಗಿದೆ. ಸ್ಕಾಟ್ಲೆಂಡಿನ ಫ್ರಾನ್ಸಿಸ್ ನೇಪಿಯರ್ ಪ್ರಭುವು, ಲಾಗರಿದಮ್ಮುಗಳನ್ನು ಕಂಡುಹಿಡಿದ ತನ್ನ ಪೂರ್ವಿಕ ಜಾನ್ ನೇಪಿಯರನ (1550–1617) ಚರಿತ್ರೆಯನ್ನು ಬರೆಯಲೆಳಸಿ, ಹಿಂದೂಗಳ ಗಣಿತಜ್ಞಾನದ ವಿವರಗಳನ್ನು ಕಲೆಹಾಕಲು ತರುಣ ಮೆಕೆಂಜಿಯನ್ನು ನಿಯಮಿಸಿದನು. ಪ್ರಭುವು ತೀರಿಕೊಂಡ ಮೇಲೆ ಆ ಶೋಧನೆಯನ್ನು ಮುಂದುವರಿಸುವ ಹಂಬಲದಿಂದ ಮೆಕೆಂಜಿಯು ಭಾರತಕ್ಕೆ ಬಂದನು. ಮಧುರೆಯಲ್ಲಿದ್ದ ಪ್ರಭುವಿನ ಮಗಳು ಹೆಸ್ಟರ್ ಜಾನ್‌ಸ್ಟನ್ ಅವನನ್ನು ಅಲ್ಲಿನ ಪಂಡಿತರಿಗೆ ಪರಿಚಯಿಸಿದಳು.

ಇದನ್ನು ಹೇಳಿದವನು ಯಾರು? ಹೆಸ್ಟರಳ ಮಗ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್. ಹೇಳಿದ್ದು 1832ರಲ್ಲಿ, ಪಾರ್ಲಿಮೆಂಟಿನ ಸಮಿತಿಯ ಮುಂದೆ. ಮೆಕೆಂಜಿಯು ಮೃತನಾಗಿ ಆಗಲೇ ಹನ್ನೊಂದು ವರ್ಷ ಕಳೆದಿತ್ತು. ಕಾಲಗಣನೆಯೂ ಸರಾಗವಾಗಿಲ್ಲ. ಪ್ರಭುವು ತೀರಿಕೊಂಡದ್ದು 1773ರಲ್ಲಿ. ಮೆಕೆಂಜಿಯು ಮದರಾಸಿಗೆ ಬಂದಿಳಿದದ್ದು 1783ರಲ್ಲಿ. ಹತ್ತು ವರ್ಷ ತಡೆದ ಹಂಬಲವದು! ನಡುವೆ ಅವನು ಸ್ಟಾರ್ನೊವೇ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದನು. ಜಾನ್ ನೇಪಿಯರನ ಚರಿತ್ರೆಯಾದರೋ ಬಕನ್ ಪ್ರಭು ಮತ್ತು ವಾಲ್ಟರ್ ಮಿಂಟೋ ಇವರಿಂದ 1787ರಲ್ಲಿ ಪ್ರಕಟವಾಯಿತು.

ಕಥೆಯೆಲ್ಲವೂ ಕಟ್ಟುಕಥೆಯೆಂದು ನಾನು ಹೇಳಲಾರೆ. ಮಧುರೆಯ ನೆನಪು ಮೆಕೆಂಜಿಯು 1817ರಲ್ಲಿ ಜಾನ್‌ಸ್ಟನನಿಗೇ ಬರೆದ ಪತ್ರದಲ್ಲಿಯೂ ಉಂಟು. ಆದರೆ ಅದೇ ಪತ್ರದಲ್ಲಿ ಅವನು, ಭಾರತದಲ್ಲಿ ಕಳೆದ ಮೊದಲ ಹದಿಮೂರು ವರ್ಷಗಳಿಂದ ಈ ಕಾರ್ಯಕ್ಕೆ ಹೆಚ್ಚಿನ ಪ್ರಯೋಜನವಾಗಲಿಲ್ಲವೆಂದೂ, ಕಾವಲಿ ವೆಂಕಟ ಬೊರಯ್ಯನ ಪರಿಚಯದಿಂದಲೇ ದಾರಿ ತೆರೆಯಿತೆಂದೂ ಒಪ್ಪಿಕೊಂಡಿದ್ದಾನೆ. ದೇಶಭಾಷೆಗಳನ್ನು ತಾನು ಅರಿಯೆನೆಂಬುದನ್ನೂ ಮುಚ್ಚಿಡಲಿಲ್ಲ. ಸಂಗ್ರಾಹಕನ ಈ ಮಾತಿಗಿಂತ, ಅವನಿಗೆ ಆಶ್ರಯ ಕೊಟ್ಟ ಮನೆತನದವನ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡುವುದು ಯಾವ ನ್ಯಾಯ? ಹಾಗೆ ಕೊಟ್ಟಾಗ ಸಂಗ್ರಹದ ಮೂಲಪುರುಷತ್ವವು ಬೊರಯ್ಯನಿಂದ ನೇಪಿಯರರಿಗೆ ಸಂದುಹೋಗುತ್ತದೆ.

ಬೊರಯ್ಯನು 1803ರಲ್ಲಿಯೇ ತೀರಿಕೊಂಡನು. ಕೆಲಸವನ್ನು ಮುಂದುವರಿಸಿದವರಲ್ಲಿ ಅವನ ತಮ್ಮ ಲಕ್ಷ್ಮಯ್ಯನು ಪ್ರಮುಖನು. ಬಳ್ಳಾರಿ ಸೀಮೆಯ ಕೈಫಿಯತ್ತುಗಳಿಗೆ ಇನ್ನು ಮುಂದೆ ಪೀಠಿಕೆ ಬರೆಯುವವರು ನೇಪಿಯರರ ಮನೆಯಿಂದ ಆರಂಭಿಸದೆ ಈ ಸೋದರರಿಂದ ಆರಂಭಿಸುವುದು ಉಚಿತ.